ಶಿಸ್ತು, ಶರತ್ತು ಮತ್ತು ಲೋಭ

ಶಿವಮೊಗ್ಗೆಗೂ ಭದ್ರಾವತಿಗೂ ಸಮೀಪದ ಸೋಗಾನೆ ಇಂದು ಎರಡು ಕಾರಣಗಳಿಗಾಗಿ ಜನರ ಬಾಯಲ್ಲಿದೆ. ಜಿಲ್ಲೆಯ ಕೇಂದ್ರ ಕಾರಾಗೃಹವಿರುವುದು ಅಲ್ಲಿ. 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ, ಕುವೆಂಪು ಅವರ ಹೆಸರನ್ನು ಹೊತ್ತ ವಿಮಾನ ನಿಲ್ದಾಣವಿರುವುದೂ ಅಲ್ಲಿಯೇ. 3200 ಮೀಟರುಗಳ ಓಡುಹಾದಿ ಹಾಸಿಕೊಂಡಿರುವ ಈ ಸೀಮೆಯ ನೆಲವು ಮೂರೂವರೆ ಶತಮಾನಗಳಿಂದ ಒಬ್ಬರಲ್ಲ ಒಬ್ಬರ ಲೆಕ್ಕದ ಕಡತಕ್ಕೆ ಸೇರುತ್ತಲೇ ಬಂದಿದೆ. ಮನುಷ್ಯನ ಲೋಭವು ಹುಟ್ಟಿನಿಂದ ಬಂದುದೋ, ಸಮಾಜವು ಬೆಳೆಸಿದುದೋ ಎಂಬ ಹಳೆಯ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕುವಂತೆ ಈ ನೆಲದ ಕಂದಾಯದ ಇತಿಹಾಸದಲ್ಲಿಯೂ ಹುಡುಕಬಹುದು.

ಶಾಸ್ತ್ರದ ಉತ್ತರ ಮೇಲ್ನೋಟಕ್ಕೆ ಸ್ಪಷ್ಟವಾಗಿದೆ. ಲೋಭವು ಅರಿಷಡ್ವರ್ಗಗಳಲ್ಲೊಂದು, ಅಂದರೆ ಒಳಗಿನ ವೈರಿ. ಮಲತ್ರಯಗಳಲ್ಲಿ ಆಣವವನ್ನು ಸಹಜಮಲವೆಂದೇ ಕರೆಯಲಾಗಿದೆ. ಆದರೆ ಶರಣರ ಬದುಕನ್ನು ಗಮನಿಸಿದರೆ ಅವರು ಇಷ್ಟಕ್ಕೇ ನಿಂತವರಲ್ಲವೆಂದು ತಿಳಿಯುತ್ತದೆ. ಆಯ್ದಕ್ಕಿ ಮಾರಯ್ಯನ ಪ್ರಸಂಗ ಸರ್ವವಿದಿತ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಅವನದು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ತಂದಲ್ಲಿಗೇ ಮರಳಿ ಸುರಿದು ಬರುವಂತೆ ಮಾಡಿದಳು. ಮಾರಯ್ಯನು ಪಾಪಿಯಲ್ಲ, ಶರಣನೇ. ಅಂಥವನ ಕೈಯೂ ಒಂದು ಹಿಡಿ ಹೆಚ್ಚು ಬಾಚಿತೆಂಬುದನ್ನು ಪರಂಪರೆ ಮರೆಮಾಚಿಲ್ಲ. ತಡೆದುದು ಮನೆಯಲ್ಲಿದ್ದ ಇನ್ನೊಂದು ಜೀವ ಎಂಬುದನ್ನೂ ಮರೆತಿಲ್ಲ. ಶಿಕಾರಿಪುರ ತಾಲೂಕಿನ ಹಿರೇಜಂಬೂರಿನವಳೆಂದು ಹೇಳಲಾಗುವ ಸತ್ಯಕ್ಕ ಲಂಚವನ್ನೂ ಪರರ ಸೊತ್ತನ್ನೂ ದೂರವಿಡುವ ಪ್ರತಿಜ್ಞೆ ಕೈಗೊಂಡಳು. ಹನ್ನೆರಡನೆಯ ಶತಮಾನದಲ್ಲಿಯೂ ಲಂಚವನ್ನು ಹೆಸರಿಟ್ಟು ಕರೆದು ನಿರಾಕರಿಸಬೇಕಾಗಿತ್ತೆಂಬುದು ಇದರಿಂದ ವೇದ್ಯ.

ಇನ್ನು ನೆಲದ ಮಾತು. 1645ರಿಂದ 1660ರವರೆಗೆ ಆಳಿದ ಕೆಳದಿಯ ವೀರಶೈವ ಅರಸು ಶಿವಪ್ಪನಾಯಕನ ‘ಶಿಸ್ತು’ ಪ್ರಸಿದ್ಧವಾದುದು. ಭೂಮಿಯನ್ನು ಗುಣಾನುಸಾರ ವರ್ಗೀಕರಿಸಿ, ಪ್ರತಿಯೊಂದು ಬಗೆಯ ಹೊಲವನ್ನೂ ಹಲವು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಕೂಲಿ, ಬಂದ ಫಲ ಇವುಗಳ ಲೆಕ್ಕವಿರಿಸಿ, ಸರಾಸರಿಯ ಮೂರನೆಯ ಒಂದು ಭಾಗವನ್ನು ಅರಸನ ಪಾಲೆಂದು ಗೊತ್ತುಪಡಿಸಲಾಯಿತು. ಮೂರನೆಯ ಒಂದು ಭಾಗ ಅಲ್ಪವೇನಲ್ಲ; ಕೆಳದಿಯ ಅಭಿಮಾನಿಗಳು ಇದನ್ನು ಮರೆಯುವುದುಂಟು. ಆದರೂ ಅದು ಗೊತ್ತಾದ ಪಾಲು. ಬರುವ ವರ್ಷ ತಾನು ಕೊಡಬೇಕಾದುದೆಷ್ಟೆಂದು ರೈತನಿಗೂ, ವಸೂಲಿ ಮಾಡಬೇಕಾದುದೆಷ್ಟೆಂದು ಅಧಿಕಾರಿಗೂ ಮೊದಲೇ ತಿಳಿದಿತ್ತು.

1763ರಲ್ಲಿ ಬಿದನೂರು ಹೈದರನ ವಶವಾಯಿತು. 1799ರ ಅನಂತರ ಈ ಸೀಮೆ ಮೈಸೂರು ಅರಸರ ಆಡಳಿತಕ್ಕೆ ಸೇರಿ ನಗರ ಫೌಜುದಾರಿ ಎನಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಶರತ್ತು’ ಪದ್ಧತಿ ಬಳಕೆಗೆ ಬಂದಿತು. ತನ್ನ ತಾಲೂಕಿನಿಂದ ಇಂತಿಷ್ಟು ಹಣವನ್ನು ಎತ್ತಿಕೊಡುವೆನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆಯಾದರೆ ಕೈಯಿಂದ ತುಂಬಬೇಕು. ಹೆಚ್ಚಾದರೆ ಹೆಚ್ಚಾದುದೂ ಸರ್ಕಾರಕ್ಕೇ ಸಲ್ಲಬೇಕು. ಬರೆದುಕೊಡುವ ಮೊತ್ತವೋ, ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಮೇಲಿನದು.

ಈ ಏರ್ಪಾಡನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ಕಾಗದದ ಮೇಲೆ ಅಮಲ್ದಾರನಿಗೆ ಇದರಿಂದ ಲಾಭವೇ ಇಲ್ಲ; ಇರುವುದು ನಷ್ಟದ ಭಯ ಮಾತ್ರ. ಸ್ವಭಾವತಃ ನಿರ್ಲೋಭಿಯಾದವನೂ ಮಳೆ ತಪ್ಪಿದ ವರ್ಷ ರೈತನ ಕಣಜಕ್ಕೆ ಕೈ ಹಾಕದೆ ಗತ್ಯಂತರವಿರಲಿಲ್ಲ. ಲೋಭಿಯಾದವನಿಗಂತೂ ಸರ್ಕಾರದ ಹೆಸರೇ ಮರೆಯಾಯಿತು. ಹೀಗೆ ಇಬ್ಬರೂ ಮಾಡಿದ ಕೆಲಸ ಒಂದೇ ಆಯಿತು. ಯಾರ ಅಂತರಂಗ ಹೇಗಿತ್ತೆಂಬುದು ರೈತನ ಪಾಲಿಗೆ ನಿರರ್ಥಕ. ವಿಡಂಬನೆಯೆಂದರೆ, ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಬಲವಂತವಾಗಿ ಕೊಳ್ಳುವಂತೆ ಮಾಡುವುದಿಲ್ಲ ಎಂಬ ವಾಗ್ದಾನವೂ ಅದೇ ಮುಚ್ಚಳಿಕೆಯಲ್ಲಿರುತ್ತಿತ್ತು. ಅದು ಮುರಿದುಬಿತ್ತೆಂದು ಯಾರಾದರೂ ದೂರಿಟ್ಟರೆ ಕೇಳುವವರಿರಲಿಲ್ಲ. ಸತ್ಯಕ್ಕನದೂ ಪ್ರತಿಜ್ಞೆಯೇ, ಅಮಲ್ದಾರನದೂ ಪ್ರತಿಜ್ಞೆಯೇ. ಒಂದರ ಬೆನ್ನಿಗೆ ಪರಸ್ಪರ ಎಚ್ಚರಿಸುವ ಶರಣಸಮುದಾಯವಿತ್ತು. ಇನ್ನೊಂದರ ಬೆನ್ನಿಗಿದ್ದುದು ಏರುತ್ತಲೇ ಹೋಗುವ ಒಂದು ಮೊತ್ತ.

1830ರಲ್ಲಿ ನಗರದ ರೈತರು ಕೂಟಗಳಾಗಿ ಸೇರಿ ಎದ್ದುನಿಂತರು. ಕೆಳದಿಯ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಬೂದಿ ಬಸವಪ್ಪನು, ತರೀಕೆರೆಯ ಪಾಳೆಯಗಾರ ವಂಶದ ರಂಗಪ್ಪನಾಯಕನು ಈ ದಂಗೆಯಲ್ಲಿ ಕಾಣಿಸಿಕೊಂಡರು. ಇವರ ಆಸೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ನ್ಯಾಯ. ನೊಂದವರ ನಡುವೆ ರಾಜ್ಯಲೋಭವೂ ಬಂದು ಕುಳಿತುಕೊಳ್ಳುತ್ತದೆ. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷರ ಕೈಸೇರಿತು. ದಂಗೆಯ ಕಾರಣಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ ನೇಮಕವಾಗಿ 1833ರಲ್ಲಿ ವರದಿಯೊಪ್ಪಿಸಿತು. ಬ್ರಿಟಿಷರ ಹಿತಾಸಕ್ತಿಯನ್ನು ನೆನಪಿನಲ್ಲಿಟ್ಟುಕೊಂಡೇ ಅಂತಹ ವರದಿಯನ್ನು ಓದತಕ್ಕದ್ದು.

ಅಳತೆಯ ಪಾತ್ರೆಯೊಳಗೇ ಲೋಭ ಅಡಗಿ ಕುಳಿತ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಕುರಿತೇ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ತಲೆಮಾರುಗಳಿಂದ ನಡೆದುಬಂದ ಕೊಳಗದಲ್ಲಿ ಅಳೆಸಿಕೊಳ್ಳುತ್ತಿದ್ದ ಒಡೆಯನಿಗೆ ತಾನು ಹೆಚ್ಚು ಪಡೆಯುತ್ತಿರುವೆನೆಂಬ ಭಾವನೆಯೇ ಇರದಿದ್ದರೂ ಆಶ್ಚರ್ಯವಿಲ್ಲ. ಇಂತಹ ಲೋಭವು ಅಂತರಂಗದ್ದೆನ್ನಬೇಕೋ, ಕೊಳಗದ್ದೆನ್ನಬೇಕೋ?

ಲಕ್ಕಮ್ಮನ ಕಥೆಯನ್ನೂ ಮುಚ್ಚಳಿಕೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬೀಜವು ಒಳಗಿನದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದೇ ಬೀಜ ಒಂದೆಡೆ ಹಿಡಿ ಅಕ್ಕಿಯಲ್ಲಿ ನಿಂತು, ಮತ್ತೊಂದೆಡೆ ಒಂದು ಸೀಮೆಯನ್ನೇ ದಂಗೆಗೆಬ್ಬಿಸಿದುದಕ್ಕೆ ಕಾರಣ ಹೊರಗಿನದು. ಅದು ಎಷ್ಟರಮಟ್ಟಿಗೆ ಬೆಳೆಯಬಲ್ಲದೆಂಬುದಕ್ಕೆ ಕಮಿಷನರ್ ಆಳ್ವಿಕೆಯ ದಾಖಲೆಗಳೇ ಸಾಕ್ಷಿ. ಮಾರ್ಕ್ ಕಬ್ಬನ್‌ನ ಅಧಿಕಾರಾವಧಿಯಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದುದಕ್ಕೆ ತೆರಿಗೆ, ಹೆಸರಿಟ್ಟುದಕ್ಕೆ ಬೇರೆ, ಚೌಲಕ್ಕೆ ಮತ್ತೆ ಬೇರೆ. ಒಂದು ಹಳ್ಳಿಯ ಜನರು ತಮ್ಮ ಪೂರ್ವಿಕರು ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡದ ಕಾರಣಕ್ಕೆ ತೆರಿಗೆ ತೆರುತ್ತಿದ್ದರು. ನಗರ ಸೀಮೆಯ ಒಂದು ಗೊತ್ತಾದ ಜಾಗದಲ್ಲಿ ಎರಡೂ ಕೈಗಳನ್ನು ಪಕ್ಕಕ್ಕೆ ಒತ್ತಿ ಹಿಡಿಯದೆ ನಡೆದುಹೋದವನೂ ಹಣ ಕಟ್ಟಬೇಕಾಗಿತ್ತು. ಇವೆಲ್ಲವೂ ಸರ್ಕಾರದ ಲೆಕ್ಕಪತ್ರಗಳಲ್ಲಿ ಕ್ರಮಬದ್ಧವಾಗಿ ನಮೂದಾಗಿದ್ದವು.