ದಗ್ಧಗೃಹದ ಪುನರ್ನಿರ್ಮಾಣವೂ ಅನುಜ್ಞೆಯೂ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಮಾರ್ಗದಲ್ಲಿ ಗಾದಿಗನೂರೆಂಬ ಗ್ರಾಮವಿರುವುದು. ಈ ಸೀಮೆಯ ಬೇಸಗೆಯು ಎಲ್ಲರಿಗೂ ವಿದಿತವಾದುದೇ. ಗುಡ್ಡದ ಒಣಹುಲ್ಲಿಗೆ ತಗುಲಿದ ಕಿಡಿಯು ಬಣವೆಗೂ, ಬಣವೆಯಿಂದ ಗುಡಿಸಲಿಗೂ ಹಾರುವುದಕ್ಕೆ ಒಂದು ಬಿರುಗಾಳಿ ಸಾಕು. ಮನೆಯನ್ನು ಸುಡುವ ಅಗ್ನಿಯು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಸುಟ್ಟುದನ್ನು ಮರಳಿ ಕಟ್ಟುವ ಗೃಹಸ್ಥನು ಮಾತ್ರ ಕೇಳಲೇಬೇಕು. ಇದು ನ್ಯಾಯವೇ ಎಂಬ ಪ್ರಶ್ನೆಗೆ ಈ ನಾಡಿನ ಇತಿಹಾಸದಲ್ಲಿಯೇ ಉತ್ತರವನ್ನು ಅರಸಬಹುದು.

ಗೃಹದಾಹವು ಗೃಹಸ್ಥನೊಬ್ಬನ ಕಷ್ಟವಲ್ಲ, ಊರಿಗೆಲ್ಲ ಸಂಬಂಧಪಟ್ಟುದೆಂದು ನಮ್ಮ ಪ್ರಾಚೀನರು ಬಲ್ಲರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉರಿಯುವ ಮನೆಯನ್ನು ರಕ್ಷಿಸಲು ಓಡಿಬಾರದ ಮನೆಯೊಡೆಯನಿಗೆ 12 ಪಣಗಳೂ, ಬಾಡಿಗೆಗಿರುವವನಿಗೆ 6 ಪಣಗಳೂ ದಂಡವೆಂದು ವಿಧಿಸಿದೆ. ಒಬ್ಬನ ಛಾವಣಿಯ ಮೇಲೆ ನೆರೆಯವನ ಕ್ಷೇಮವೂ ನಿಂತಿರುವುದರಿಂದ, ಮನೆಯ ವಿಷಯದಲ್ಲಿ ರಾಜ್ಯವು ಕೈಹಾಕುವುದು ಹೊಸ ಪದ್ಧತಿಯೇನೂ ಅಲ್ಲ.

ಇನ್ನು ಈ ಸೀಮೆಯ ಮಹಾದಾಹವನ್ನು ನೋಡೋಣ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯನು ಹತನಾಗಲು, ಅವನ ಸಹೋದರನಾದ ತಿರುಮಲನು ಸದಾಶಿವರಾಯನೊಡನೆ ಪೆನುಗೊಂಡೆಗೆ ಸರಿದನು. ವಿಜಯನಗರವು ತಿಂಗಳುಗಟ್ಟಲೆ ಕೊಳ್ಳೆಗೂ ಬೆಂಕಿಗೂ ತುತ್ತಾಯಿತು. ಅರಸರ ಸಭಾಮಂಟಪದಲ್ಲಿ ಇಂದು ಉಳಿದಿರುವುವು ಜಗತಿ, ಸೋಪಾನ, ನೂರು ಕಂಬಗಳ ಕಲ್ಲಿನ ಪೀಠಗಳು ಮಾತ್ರ. ಆ ಪೀಠಗಳ ಮೇಲೆ ನಿಂತಿದ್ದ ಮರದ ಕಂಬಗಳು ನಾಮಾವಶೇಷವಾದುವು. ಅರಸನ ಮಂಟಪಕ್ಕೇ ಈ ಗತಿಯಾದ ಮೇಲೆ ಮಣ್ಣಿನ ಗೋಡೆ, ಮರದ ತೊಲೆ, ಹುಲ್ಲಿನ ಹೊದಿಕೆಗಳ ಪ್ರಜೆಗಳ ಮನೆಗಳ ಪಾಡನ್ನು ಊಹಿಸಿಕೊಳ್ಳಬಹುದು.

ಆಮೇಲೆ ನಗರವನ್ನು ಕಟ್ಟಲು ಯಾರೂ ಅಡ್ಡಬರಲಿಲ್ಲ. ತಿರುಮಲನೇ ಮರಳಿ ಬಂದು ಜನವನ್ನು ನೆಲೆಗೊಳಿಸಲು ಯತ್ನಿಸಿದನು. 1567ರಲ್ಲಿ ಇಲ್ಲಿ ಏಳು ತಿಂಗಳು ತಂಗಿದ್ದ ವೆನಿಸಿನ ವರ್ತಕ ಸೀಸರ್ ಫೆಡರಿಕನು, ಮನೆಗಳು ಇನ್ನೂ ನಿಂತಿದ್ದರೂ ಬರಿದಾಗಿದ್ದು ಹುಲಿಗಳಿಗೆ ವಾಸವಾಗಿದ್ದುವೆಂಬ ಜನವಾರ್ತೆಯನ್ನು ಬರೆದಿಟ್ಟಿರುವನು. ಕಡೆಗೆ ಆಸ್ಥಾನವು ಪೆನುಗೊಂಡೆಯಲ್ಲಿಯೇ ನೆಲೆಸಿತು. ಕಟ್ಟಲು ಸ್ವಾತಂತ್ರ್ಯವಿತ್ತು, ಕಾಯುವ ರಾಜ್ಯವಿರಲಿಲ್ಲ. ರಕ್ಷಣೆಯಿಲ್ಲದ ಸ್ವಾತಂತ್ರ್ಯದಿಂದ ಒಂದು ಪಟ್ಟಣವೂ ಮೇಲೇಳದೆಂಬುದಕ್ಕೆ ಇದೇ ನಿದರ್ಶನವು.

ಇಂದಿನ ಸ್ಥಿತಿಯು ಇದಕ್ಕೆ ವಿಪರೀತವಾದುದು. ಗಾದಿಗನೂರಿನಂಥ ಗ್ರಾಮದಲ್ಲಿ ಮನೆಯನ್ನು ಹೊಸದಾಗಿ ಕಟ್ಟಲಿ, ಬಿದ್ದುದನ್ನು ಮರಳಿ ಕಟ್ಟಲಿ, 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯತಿಯ ಲಿಖಿತ ಅನುಜ್ಞೆಯು ಅವಶ್ಯಕ. ಪಶ್ಚಿಮಕ್ಕೆ ಸಾಗಿ ಹಂಪೆಯನ್ನು ಸೇರಿದರೆ ನಿಯಮಗಳು ಹೆಚ್ಚುವುವು. 1986ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2002ರ ಕಾಯಿದೆಯಿಂದ ಅದಕ್ಕೆ ಪ್ರತ್ಯೇಕ ಪ್ರಾಧಿಕಾರವೂ ಏರ್ಪಟ್ಟಿತು. ಕೇಂದ್ರ ಸರಕಾರದ 1958ರ ಸ್ಮಾರಕ ಕಾಯಿದೆಯು 2010ರಲ್ಲಿ ತಿದ್ದುಪಡಿಯಾದಂತೆ, ಸಂರಕ್ಷಿತ ಸ್ಮಾರಕದಿಂದ 100 ಮೀಟರುಗಳವರೆಗೆ ನಿಷಿದ್ಧ ಪ್ರದೇಶವು. ಅದರಾಚೆ 200 ಮೀಟರುಗಳು ನಿಯಂತ್ರಿತ ಪ್ರದೇಶವು.

ಇಲ್ಲಿ ಶಬ್ದಾರ್ಥವನ್ನು ಎಚ್ಚರದಿಂದ ಗ್ರಹಿಸಬೇಕು. ಮೊದಲಿದ್ದ ಕಟ್ಟಡವನ್ನು ಅದೇ ಉದ್ದಗಲ, ಅದೇ ಎತ್ತರಗಳಿಗೆ ಮೀರದಂತೆ ಎಬ್ಬಿಸುವುದು ‘ಪುನರ್ನಿರ್ಮಾಣ’. ಇರುವ ಕಟ್ಟಡದಲ್ಲಿ ಮಾರ್ಪಾಡು ಮಾಡುವುದು ‘ದುರಸ್ತಿ’. ನಿಯಂತ್ರಿತ ಪ್ರದೇಶದಲ್ಲಿ ಎರಡಕ್ಕೂ ಅರ್ಜಿ ಸಲ್ಲಿಸಬಹುದು. ಸಕ್ಷಮ ಅಧಿಕಾರಿಯು ಅದನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರವು ಎರಡು ತಿಂಗಳೊಳಗೆ ಅಭಿಪ್ರಾಯವನ್ನು ತಿಳಿಸಬೇಕು. ಅದು ಬಂದ ಒಂದು ತಿಂಗಳೊಳಗೆ ಅಧಿಕಾರಿಯು ಅನುಜ್ಞೆಯನ್ನು ಕೊಡಬೇಕು, ಇಲ್ಲವೆ ನಿರಾಕರಿಸಬೇಕು. ನಿಷಿದ್ಧ ಪ್ರದೇಶದಲ್ಲಾದರೋ, 1992ರ ಜೂನ್ 16ಕ್ಕೆ ಮುಂಚೆ ಇದ್ದ ಮನೆಯೊಡೆಯನಿಗೂ ದುರಸ್ತಿ, ನವೀಕರಣಗಳಿಗೆ ಅರ್ಜಿ ಹಾಕುವ ಅವಕಾಶವನ್ನು ಮಾತ್ರ ಹೇಳಿದೆ. ದುರಸ್ತಿಯಲ್ಲಿ ಪುನರ್ನಿರ್ಮಾಣವು ಸೇರದೆಂದೂ ಸ್ಪಷ್ಟಪಡಿಸಿದೆ. ಅರ್ಧ ಸುಟ್ಟ ಮನೆಗೆ ದಾರಿಯುಂಟು. ಬೂದಿಯಾದ ಮನೆಗೆ ದಾರಿಯು ಬಲು ಇಕ್ಕಟ್ಟು. ಹೆಚ್ಚು ಕಳೆದುಕೊಂಡವನಿಗೇ ಕಡಿಮೆ ಅವಕಾಶವೆಂಬ ಈ ವೈಷಮ್ಯವು ವಿಚಾರಾರ್ಹವಾದುದು.

ನೆಲೆ ತಪ್ಪುವ ದುಃಖವು ಹಂಪೆಗೆ ಅಪರಿಚಿತವಲ್ಲ. 2011ರ ಜುಲೈಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಣ ಬಜಾರಿನ ಪ್ರಾಚೀನ ಸಾಲುಮಂಟಪಗಳಲ್ಲಿ ವಾಸವಾಗಿದ್ದ ಸಂಸಾರಗಳನ್ನು ಎಬ್ಬಿಸಲಾಯಿತು. ಅವರಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ಗೊತ್ತುಮಾಡಿದರು. ಕಲ್ಲಿನ ಮಂಟಪವು ಉಳಿಯಬೇಕೆಂಬುದು ಸರಿ. ಆದರೆ ಆ ಬೀದಿಯನ್ನು ಬೀದಿಯಾಗಿ ಮಾಡಿದವರು ಜನರೇ ಎಂಬುದೂ ಸರಿ.

ಆದುದರಿಂದ ಅನುಜ್ಞೆಯೇ ಅನ್ಯಾಯವೆನ್ನಲಾಗದು. ಅದು ನೆರೆಯವನಿಗೂ ಪೂರ್ವಿಕರ ಕೃತಿಗಳಿಗೂ ಕಾವಲು. ಸೂರು ಕಳೆದುಕೊಂಡವನ ಅರ್ಜಿಯು ಕಟ್ಟಿನೊಳಗೆ ಮಲಗಿದರೆ ಮಾತ್ರ ಅದು ಅನ್ಯಾಯವಾಗುವುದು. ಗೃಹಸ್ಥರು ಮನೆಯ ಅಳತೆ, ಕಂದಾಯದ ರಸೀತಿ, ಹಕ್ಕುಪತ್ರಗಳ ಪ್ರತಿಗಳನ್ನು ಮನೆಯಿಂದ ಹೊರಗೆ ಒಂದೆಡೆ ಕಾದಿಟ್ಟುಕೊಳ್ಳುವುದು ಶ್ರೇಯಸ್ಕರ. ಮನೆಯೊಡನೆ ಅದರ ಸಾಕ್ಷ್ಯವೂ ಸುಟ್ಟರೆ, ಮೊದಲಿದ್ದ ಮನೆಯು ಇತ್ತೆಂದು ಹೇಳುವವರಾರು? ಅಧಿಕಾರಿಗಳು ಮಳೆಗಾಲಕ್ಕೆ ಮುಂಚೆ ಉತ್ತರ ಕೊಡುವುದು ಇನ್ನೂ ಶ್ರೇಯಸ್ಕರ. ವಿಜಯನಗರವು ಬೆಂಕಿಯೊಂದರಿಂದಲೇ ಹಾಳಾಗಲಿಲ್ಲ. ಸುಟ್ಟ ಮೇಲೆ ಜನರು ಹಿಂದಿರುಗದೆ ಹೋದುದರಿಂದ ಹಾಳಾಯಿತು.