ಮನೆಗೆಲಸದವರ ಹಕ್ಕುಗಳು: ಕೊಲ್ಲಿಗೊಂದು ಅಳತೆ, ನಮ್ಮ ಮನೆಗೊಂದು ಅಳತೆಯೇ?

ಪ್ರತಿವರ್ಷ ಜೂನ್ 16ರಂದು ಅಂತಾರಾಷ್ಟ್ರೀಯ ಮನೆಗೆಲಸಗಾರರ ದಿನವನ್ನು ಆಚರಿಸಲಾಗುತ್ತದೆ. 2011ರಲ್ಲಿ ಅದೇ ದಿನ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗೆಲಸಗಾರರ ಹಕ್ಕುಗಳ ಬಗ್ಗೆ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಆ ಸಂಘಟನೆಯ 2021ರ ವರದಿಯಂತೆ ಜಗತ್ತಿನಲ್ಲಿ ಸುಮಾರು 7.56 ಕೋಟಿ ಮಂದಿ ಸಂಬಳಕ್ಕಾಗಿ ಇನ್ನೊಬ್ಬರ ಮನೆಯಲ್ಲಿ ದುಡಿಯುತ್ತಾರೆ. ಇವರಲ್ಲಿ ಶೇ. 76ರಷ್ಟು ಮಹಿಳೆಯರು. ಶೇ. 81ರಷ್ಟು ಮಂದಿಗೆ ಕಾನೂನಿನ ಭದ್ರತೆ ಇಲ್ಲದ ಕೆಲಸ.

ಈ ವಿಷಯ ಕರಾವಳಿಯ ಕುಟುಂಬಗಳಿಗೆ ದೂರದ್ದಲ್ಲ. ಹಿಂದೆ ನಮ್ಮವರು ಮುಂಬಯಿಯ ಮನೆಗಳಿಗೆ ಅಡುಗೆಯವರಾಗಿ, ಆಯಾಗಳಾಗಿ ಹೋದರು. ಅನಂತರ ಕೊಲ್ಲಿ ರಾಷ್ಟ್ರಗಳ ದಾರಿ ತೆರೆಯಿತು.

ಕೊಲ್ಲಿಯಲ್ಲಿ ಏನಾಗುತ್ತದೆ?

ಅಲ್ಲಿನ 'ಕಫಾಲಾ' ಪದ್ಧತಿಯಲ್ಲಿ ಕೆಲಸದವರ ವೀಸಾ ಮತ್ತು ವಾಸ್ತವ್ಯ ಮಾಲೀಕನಿಗೆ ಕಟ್ಟಿಕೊಂಡಿರುತ್ತದೆ. ಪಾಸ್‌ಪೋರ್ಟನ್ನು ಮಾಲೀಕನೇ ಇಟ್ಟುಕೊಂಡರೆ ಅನ್ಯಾಯವಾದಾಗ ಹೊರಬರುವುದು ಕಷ್ಟ. ಇತ್ತೀಚೆಗೆ ಕಾನೂನುಗಳು ಸುಧಾರಿಸಿವೆ. ಕುವೈಟ್ 2015ರ ಕಾನೂನಿನಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೊಮ್ಮೆ ಸಂಬಳಸಹಿತ ರಜೆ, ಕೆಲಸ ಬಿಡುವಾಗ ಪರಿಹಾರಧನ ನೀಡಿತು. ಆದರೆ ಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆಂದು ನೋಡುವವರು ಕಡಿಮೆ. ಆ ವಾರದ ರಜೆ ಸಿಗದ ಮಹಿಳೆಗೆ ಹತ್ತಿರದಲ್ಲೇ ಚರ್ಚ್ ಇದ್ದರೂ ಬಲಿಪೂಜೆಗೆ ಹೋಗಲಾಗದು.

ಕೊಂಡಿಗಳ ಸರಪಳಿ

ಜಾಗತೀಕರಣ ಈ ಕೆಲಸವನ್ನು ಒಂದು ಸರಪಳಿಯಾಗಿಸಿದೆ. ನಮ್ಮೂರಿನ ತಾಯಿ ತನ್ನ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಪರದೇಶದಲ್ಲಿ ಇನ್ನೊಬ್ಬರ ಮಗುವನ್ನು ಆಡಿಸುತ್ತಾಳೆ. ಮಕ್ಕಳೆಲ್ಲ ವಿದೇಶದಲ್ಲಿರುವ ನಮ್ಮ ದೊಡ್ಡ ಮನೆಗಳಲ್ಲಿ ವೃದ್ಧ ತಂದೆತಾಯಿಯರನ್ನು ಉತ್ತರ ಕರ್ನಾಟಕದಿಂದಲೋ ಜಾರ್ಖಂಡ್‌ನಿಂದಲೋ ಬಂದ 'ಹೋಮ್ ನರ್ಸ್' ನೋಡಿಕೊಳ್ಳುತ್ತಾಳೆ. ಆಕೆಯ ಊರಿನಲ್ಲಿ ಆಕೆಯ ಚಿಕ್ಕ ಮಕ್ಕಳನ್ನು ಹಿರಿಯ ಮಗಳು ಶಾಲೆ ಬಿಟ್ಟು ಸಾಕುತ್ತಿರಬಹುದು. ಸರಪಳಿಯ ಕೆಳಗೆ ಹೋದಂತೆ ಸಂಬಳ ಇಳಿಯುತ್ತದೆ; ಕೊನೆಯ ಕೊಂಡಿಗೆ ಸಂಬಳವೇ ಇಲ್ಲ.

ಕಾನೂನು ಏನು ಹೇಳುತ್ತದೆ?

* 189ನೇ ಒಡಂಬಡಿಕೆ: ಕೆಲಸದ ಷರತ್ತುಗಳನ್ನು ಮೊದಲೇ ತಿಳಿಸಬೇಕು, ತಿಂಗಳಿಗೊಮ್ಮೆಯಾದರೂ ಸಂಬಳ ಕೊಡಬೇಕು, ವಾರದಲ್ಲಿ ಸತತ 24 ಗಂಟೆ ಬಿಡುವು ಇರಬೇಕು, ಗುರುತಿನ ದಾಖಲೆಗಳು ಕೆಲಸದವರ ಕೈಯಲ್ಲೇ ಇರಬೇಕು. ಭಾರತ ಇದರ ಪರ ಮತ ಹಾಕಿದರೂ ಇದನ್ನು ಇನ್ನೂ ಸ್ಥಿರೀಕರಿಸಿಲ್ಲ.
* ಕರ್ನಾಟಕವು 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿತು.
* 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ.
* ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದು ಪರಿಗಣಿಸುತ್ತದೆ. ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು.
* ಮನೆಗೆಲಸದವರಿಗೆ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸುವಂತೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರಕಾರಕ್ಕೆ ಸೂಚಿಸಿತು.

ಧರ್ಮಸಭೆಯ ಬೋಧನೆ

ಪೋಪ್ ಹದಿಮೂರನೇ ಲಿಯೋ 1891ರ 'ರೇರುಂ ನೋವಾರುಂ' ವಿಶ್ವಪತ್ರದಲ್ಲಿ, ಇಬ್ಬರೂ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದು ದುಡಿಯುವವನ ಜೀವನಕ್ಕೆ ಸಾಕಾಗಬೇಕು ಎಂದು ಬೋಧಿಸಿದರು. ಹದಿಮೂರನೇ ಶತಮಾನದ ಸಂತ ಝೀಟಾ ಇಟಲಿಯ ಲೂಕ್ಕಾದಲ್ಲಿ ಒಂದೇ ಮನೆಯಲ್ಲಿ ಜೀವನವಿಡೀ ಕೆಲಸಕ್ಕಿದ್ದವರು. ಏಪ್ರಿಲ್ 27 ಅವರ ಹಬ್ಬ. ಭಾರತದಲ್ಲಿ ಬೆಲ್ಜಿಯಂ ಮೂಲದ ಭಗಿನಿ ಜೀನ್ ಡೆವೋಸ್ 1985ರಲ್ಲಿ ರಾಷ್ಟ್ರೀಯ ಮನೆಗೆಲಸಗಾರರ ಚಳವಳಿಯನ್ನು ಆರಂಭಿಸಿದರು.

ನಾವು ಮಾಡಬಹುದಾದದ್ದು

ಪರದೇಶದಲ್ಲಿ ನಮ್ಮ ಅಕ್ಕತಂಗಿಯರ ಸಂಬಳ ತಡೆದಾಗ ನಾವು ನೊಂದುಕೊಳ್ಳುತ್ತೇವೆ, ಗುರುಗಳ ಬಳಿ ಓಡುತ್ತೇವೆ. ಅದು ಸರಿಯೇ. ಆದರೆ ನಮ್ಮ ಮನೆಯ ಕೆಲಸದಾಕೆ ಜ್ವರ ಬಂದು ಎರಡು ದಿನ ಬಾರದಿದ್ದರೆ ಸಂಬಳ ಕಡಿಯುವವರೂ ನಾವೇ. ಹಬ್ಬಕ್ಕೆ ಹಳೆ ಸೀರೆ ಕೊಟ್ಟರೆ ಈ ಲೆಕ್ಕ ಸರಿಹೋಗದು.

ಪ್ರತಿ ವಾಳೆಯಲ್ಲಿ ಕೆಲಸಕ್ಕೆ ಬರುವವರು ಎಷ್ಟು ಮಂದಿ, ಯಾವ ಊರಿನವರು ಎಂದು ತಿಳಿದುಕೊಳ್ಳೋಣ. 2021ರಲ್ಲಿ ಆರಂಭವಾದ 'ಇ-ಶ್ರಮ್' ನೋಂದಣಿಗೆ ಅವರಿಗೆ ನೆರವಾಗೋಣ. ವಿದೇಶಕ್ಕೆ ಹೊರಟವರು ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗದಂತೆ ಎಚ್ಚರಿಸೋಣ. ಒಪ್ಪಂದದ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಹೋಗಲು ಹೇಳೋಣ. ನಮ್ಮ ಮನೆಯಲ್ಲಿ ಸಂಬಳ, ಸಮಯ, ರಜೆಯನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳೋಣ.

ಮುಂದಿನ ಭಾನುವಾರ ನಾವು ಬಲಿಪೂಜೆಗೆ ಹೊರಟಾಗ ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮನ ಬಳಿ ಕುಳಿತಿರುವಾಕೆಗೆ ವಾರದ ರಜೆ ಯಾವ ದಿನ? ಮೊದಲು ಈ ಪ್ರಶ್ನೆಗೆ ಉತ್ತರ ಕೊಡೋಣ.