ಬಳ್ಳಾರಿ ‘ಬೆಲ್ಲರಿ’ ಆದ ಬಗೆ

ಬಳ್ಳಾರಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಕ್ರಮ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮುಂಚೆ ಇಂಗ್ಲಿಷ್ ಕಾಗದಪತ್ರಗಳಲ್ಲಿ ಈ ಊರು ‘ಬೆಲ್ಲರಿ’ ಆಗಿತ್ತು. ಊರಿನವರು ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಹಾಗೆ ಕರೆದವರಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಆನಂತರ ಬಂದ ಆಂಗ್ಲ ಅಧಿಕಾರಿಗಳ ನಾಲಗೆಗೆ ಒಗ್ಗಿದ್ದು ‘ಬೆಲ್ಲರಿ’. ಸ್ವರದ ಮಾತು ಹಾಗಿರಲಿ, ‘ಳ್ಳ’ ಹೋಗಿ ‘ಲ್ಲ’ ಬಂದದ್ದೇಕೆ? ಇದಕ್ಕೆ ಧ್ವನಿಶಾಸ್ತ್ರದಲ್ಲಿ ಉತ್ತರವಿದೆ.

ಶ್ವಾಸಕೋಶದಿಂದ ಹೊರಡುವ ಉಸಿರಿಗೆ ಬಾಯಿಯಲ್ಲಿ ಎಲ್ಲಾದರೂ ತಡೆಯೊಡ್ಡಿದಾಗ ವ್ಯಂಜನ ಹುಟ್ಟುತ್ತದೆ. ಪ್ರತಿ ವ್ಯಂಜನಕ್ಕೂ ಕೇಳಬೇಕಾದ ಪ್ರಶ್ನೆ ಮೂರು: ಗಂಟಲಿನ ಧ್ವನಿತಂತುಗಳು ಅದುರುತ್ತವೆಯೇ? ತಡೆ ಯಾವ ಬಗೆಯದು? ತಡೆ ಎಲ್ಲಿ?

ಮೊದಲ ಪ್ರಶ್ನೆಗೆ ಕುರುಗೋಡೇ ಪಾಠ. ಸಿಂದ ಅರಸರ ರಾಜಧಾನಿಯಾಗಿದ್ದ ಈ ಊರಿನ ಹೆಸರಿನಲ್ಲಿ ‘ಕ’ ಮತ್ತು ‘ಗ’ ಎರಡೂ ಇವೆ. ಎರಡಕ್ಕೂ ನಾಲಗೆಯ ಹಿಂಭಾಗ ಮೇಲೆದ್ದು ಮೃದು ಅಂಗುಳನ್ನು ಮುಟ್ಟುತ್ತದೆ. ಗಂಟಲ ಮೇಲೆ ಬೆರಳಿಟ್ಟು ಉಚ್ಚರಿಸಿದರೆ ‘ಗ’ಕಾರದಲ್ಲಿ ಕಂಪನ ತಿಳಿಯುತ್ತದೆ, ‘ಕ’ಕಾರದಲ್ಲಿ ಇಲ್ಲ. ಇದೇ ಘೋಷ, ಅಘೋಷಗಳ ವ್ಯತ್ಯಾಸ.

ಎರಡನೆಯದಕ್ಕೆ ತುಂಗಭದ್ರೆಯ ದಂಡೆಯ ಸಿರುಗುಪ್ಪ. ‘ಸ’ ಎನ್ನುವಾಗ ಉಸಿರು ಕಿರಿದಾದ ಸಂದಿನಲ್ಲಿ ಉಜ್ಜಿಕೊಂಡು ಹೋಗುತ್ತದೆ. ಇದು ಘರ್ಷ ವ್ಯಂಜನ. ‘ಪ’ ಎನ್ನುವಾಗ ತುಟಿಗಳು ಪೂರ್ತಿ ಮುಚ್ಚಿ ಥಟ್ಟನೆ ತೆರೆಯುತ್ತವೆ. ಇದು ಸ್ಪರ್ಶ ವ್ಯಂಜನ. ಬ್ರಿಟನ್ನಿನ ಶಿಷ್ಟ ಇಂಗ್ಲಿಷಿನಲ್ಲಿ ವ್ಯಂಜನ ಧ್ವನಿಗಳು 24. ಅವುಗಳಲ್ಲಿ ಸ್ಪರ್ಶ 6, ಘರ್ಷ 9. ಬರೆಯಲು ಅಕ್ಷರ 26 ಇದ್ದರೂ ಒಂದು ಧ್ವನಿಗೆ ಒಂದು ಅಕ್ಷರವೆಂಬ ಕಟ್ಟುಪಾಡು ಅಲ್ಲಿಲ್ಲ.

ಬಳ್ಳಾರಿಯ ಗುಟ್ಟು ಇರುವುದು ಮೂರನೆಯ ಪ್ರಶ್ನೆಯಲ್ಲಿ. ‘ಳ’ಕಾರಕ್ಕೆ ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟಬೇಕು. ಇಂಗ್ಲಿಷಿನಲ್ಲಿ ಈ ಧ್ವನಿಯಿಲ್ಲ. ಅಲ್ಲಿನ ‘ಲ’ ಹುಟ್ಟುವುದು ಮೇಲಿನ ಹಲ್ಲುಗಳ ಹಿಂದಿನ ಒಸಡಿನ ದಿಬ್ಬದಲ್ಲಿ. ನಮಗೆ ಹಳ್ಳಿ ಬೇರೆ, ಹಲ್ಲಿ ಬೇರೆ. ಆಂಗ್ಲನಿಗೆ ಎರಡೂ ಒಂದೇ. ಬಳಿಗೂ ಬಳ್ಳಿಗೂ ಇರುವ ಒತ್ತಿನ ಅಂತರವೂ ಅವನ ಕಿವಿಗೆ ಸುಲಭವಾಗಿ ಹತ್ತದು.

ತೊಡಕು ಒಂದು ಕಡೆಯದಲ್ಲ. ಇಂಗ್ಲಿಷಿನ ‘ಟಿಕೆಟ್’ನ ಮೊದಲ ಧ್ವನಿ ಅದೇ ಒಸಡಿನ ದಿಬ್ಬದಲ್ಲಿ ಹುಟ್ಟುತ್ತದೆ. ಅದು ನಮ್ಮ ‘ತ’ವೂ ಅಲ್ಲ, ‘ಟ’ವೂ ಅಲ್ಲ, ಇವೆರಡರ ನಡುವಿನದು. ಕನ್ನಡದ ಕಿವಿ ಅದನ್ನು ‘ಟ’ ಎಂದು ಒಪ್ಪಿಕೊಂಡಿದೆ. ‘ಥ್ಯಾಂಕ್ಸ್’ನ ಮೊದಲ ಧ್ವನಿ ಹಲ್ಲಿನಂಚಿಗೆ ನಾಲಗೆ ತಾಗಿ ಉಜ್ಜುವ ಘರ್ಷ; ನಾವು ಅದನ್ನು ಮಹಾಪ್ರಾಣದ ‘ಥ’ ಮಾಡಿದೆವು. ಇನ್ನು ಪದದ ಮೊದಲಲ್ಲಿ ಬರುವ ‘ಕ’ಕ್ಕೆ ಆಂಗ್ಲರು ತಿಳಿಯದೆಯೇ ಒಂದಿಷ್ಟು ಉಸಿರು ಸೇರಿಸುತ್ತಾರೆ. ಅವರ ಬಾಯಲ್ಲಿ ಕುರುಗೋಡು ನಮಗೆ ‘ಖುರುಗೋಡು’ ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ.

ಪರಭಾಷೆಯ ಧ್ವನಿಗಳನ್ನು ಪಟ್ಟುಹಿಡಿದು ಕಲಿತವರೂ ಇದ್ದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು ಬೈಬಲನ್ನು ಅನುವಾದಿಸಿದ. ಇಲ್ಲೇ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ.

ವ್ಯಂಜನಗಳನ್ನು ವಿಂಗಡಿಸುವ ಈ ಶಾಸ್ತ್ರ ಪಶ್ಚಿಮದಿಂದ ಬಂದ ಹೊಸ ಸರಕೇನಲ್ಲ. ಪ್ರಾತಿಶಾಖ್ಯಗಳನ್ನು ರಚಿಸಿದ ನಮ್ಮ ಪ್ರಾಚೀನರು ಸ್ಥಾನ, ಪ್ರಯತ್ನ, ಘೋಷಗಳೆಂದು ಧ್ವನಿಗಳನ್ನು ವಿಂಗಡಿಸಿದ್ದರು. ಒಂದನೆಯ ತರಗತಿಯ ಮಗು ಕಲಿಯುವ ವರ್ಗೀಯ ವ್ಯಂಜನಗಳೇ ಒಂದು ಧ್ವನಿ ಕೋಷ್ಟಕ. ‘ಕ’ ವರ್ಗದಿಂದ ‘ಪ’ ವರ್ಗದವರೆಗೆ ತಡೆ ಗಂಟಲಿನ ಕಡೆಯಿಂದ ತುಟಿಗೆ ಸಾಗುತ್ತದೆ. ಅಡ್ಡ ಸಾಲಿನಲ್ಲಿ ಅಘೋಷ, ಘೋಷ, ಅನುನಾಸಿಕ ಕ್ರಮವಾಗಿ ಬರುತ್ತವೆ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತದ ಹಿರಿಮೆಯನ್ನು ಸಾರಿದ ಮೇಲೆ ಈ ವಿದ್ಯೆ ಯುರೋಪಿನ ಪಂಡಿತರ ಗಮನ ಸೆಳೆಯಿತು. ಅಂತರರಾಷ್ಟ್ರೀಯ ಧ್ವನಿಶಾಸ್ತ್ರ ಸಂಘ 1886ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಭಾರತೀಯ ವೈಯಾಕರಣರಿಲ್ಲದಿದ್ದರೆ ಹತ್ತೊಂಬತ್ತನೆಯ ಶತಮಾನದ ಆಂಗ್ಲ ಧ್ವನಿಶಾಸ್ತ್ರವನ್ನು ಊಹಿಸುವುದೇ ಕಷ್ಟ ಎಂಬರ್ಥದ ಮಾತನ್ನು ಲಂಡನ್ನಿನ ವಿದ್ವಾಂಸ ಜೆ.ಆರ್. ಫರ್ತ್ 1946ರಲ್ಲಿ ಬರೆದ.

ಅದೇ 1946ರಲ್ಲಿ ತೀರಿಕೊಂಡ ನಟ ಬಳ್ಳಾರಿ ರಾಘವ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ರಂಗದ ಮೇಲೆ ಮಾತಾಡಿದವರು. ನಾಲಗೆಗೆ ಹುಟ್ಟಿನಿಂದ ಬಂದ ರೂಢಿಯಿರುತ್ತದೆ, ಅಭ್ಯಾಸದಿಂದ ಹೊಸದನ್ನೂ ಕಲಿಯುತ್ತದೆ. ಹಳ್ಳಿಯ ಹುಡುಗ ‘ಇಸ್ಕೂಲು’ ಎಂದಾಗ ನಗುವವರು ಇದನ್ನು ನೆನೆಯಬೇಕು. ‘ಬೆಲ್ಲರಿ’ ಎಂದ ಕಲೆಕ್ಟರನನ್ನು ಯಾರೂ ದಡ್ಡನೆನ್ನಲಿಲ್ಲ. ಹುಡುಗನಿಗೇಕೆ ಆ ಪಟ್ಟ?